ಹಜಾರಕ್ಕೆ ಬೆಳಕು ಬೇಕಿತ್ತು: ಮನೆಯಲ್ಲೇ ಪರದೆ ಹೊಲಿದ ಅನುಭವ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಬಾಡಿಗೆ ಮನೆಯ ಹಜಾರಕ್ಕೆ ಪರದೆ ಹೊಲಿದು ಹಾಕುವ ಕೆಲಸ ಈಗಷ್ಟೇ ಮುಗಿದಿದೆ. ಗಣಪತಿ ಬಿಟ್ಟ ಮೇಲೆ ಕೈಗೆತ್ತಿಕೊಂಡದ್ದು, ಗೊಂಬೆ ಕೂರಿಸುವ ಪಾಡ್ಯದ ಹಿಂದಿನ ರಾತ್ರಿ ಕೊನೆಗೊಂಡಿತು. ಎರಡು ಕಿಟಕಿಯ ಪರದೆಗೆ ಇಷ್ಟು ಕಾಲವೇ ಎಂದು ಕೇಳುವವರಿಗೆ ಹೇಳುತ್ತೇನೆ, ಹೊಲಿಗೆಗೆ ಹಿಡಿದ ಹೊತ್ತು ಅದರಲ್ಲಿ ತೀರ ಕಡಿಮೆ. ಮನೆ ಮಾಲೀಕರ ಒಪ್ಪಿಗೆ, ಗೋಡೆ ಕೊರೆಯುವವರು, ಮಳೆ, ಹೊಲಿಗೆ ಯಂತ್ರದ ರಿಪೇರಿ, ಹೀಗೆ ಒಂದೊಂದಕ್ಕೂ ಕಾಯುವುದರಲ್ಲೇ ದಿನಗಳು ಕಳೆದವು. ಯಾವುದರ ನಂತರ ಯಾವುದನ್ನು ಮಾಡಬೇಕು ಎಂದು ಮೊದಲೇ ಹೇಳಬಲ್ಲವರು ನಮಗೆ ಸಿಗಲಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ಅತ್ತೆಗೆ ಈ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಅವರಿಗೆ ತೀಕ್ಷ್ಣ ಬೆಳಕು ಕಣ್ಣಿಗೆ ಚುಚ್ಚತೊಡಗಿತು. ಹಾಗೆಂದು ಕತ್ತಲೆಯಲ್ಲಿ ಕೂರಲೂ ಆಗದು, ಬೆಳಗಿನ ಹೊತ್ತು ಮೈಸೂರು ಮಿತ್ರ ಓದದೆ ಅವರ ದಿನ ಶುರುವಾಗುವುದಿಲ್ಲ. ಹಜಾರದಲ್ಲಿ ಹಿಂದಿನ ಬಾಡಿಗೆದಾರರು ಬಿಟ್ಟುಹೋಗಿದ್ದ ದಪ್ಪನೆಯ ಕುಂಕುಮ ಬಣ್ಣದ ಪಾಲಿಯೆಸ್ಟರ್ ಪರದೆಗಳಿದ್ದವು. ಎಳೆದರೆ ಹಾಡಹಗಲೇ ಟ್ಯೂಬ್‌ಲೈಟ್ ಹಾಕಬೇಕು. ಸರಿಸಿದರೆ ಎದುರುಮನೆಯ ಬಿಳಿ ಗೋಡೆಗೆ ಬಿದ್ದ ಬಿಸಿಲು ನೇರವಾಗಿ ಅವರ ಮುಖಕ್ಕೆ. ಪಾಪ, ಕಿಟಕಿಗೆ ಬೆನ್ನು ತಿರುಗಿಸಿ, ಪತ್ರಿಕೆಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದು ಓದುತ್ತಿದ್ದರು. ಅದನ್ನು ದಿನವೂ ನೋಡುವುದು ನನಗೆ ಸಂಕಟವಾಗಿತ್ತು. ಬೆಳಕನ್ನು ತಡೆಯದೆ ಅದರ ತೀಕ್ಷ್ಣತೆಯನ್ನು ಮಾತ್ರ ತಗ್ಗಿಸುವ ಪರದೆ ಬೇಕಿತ್ತು.

ಮೊದಲು ಸಿದ್ಧ ಪರದೆಗಳನ್ನು ನೋಡಿದೆವು. ಅವು ಸಾಮಾನ್ಯವಾಗಿ 5 ಅಡಿ, 7 ಅಡಿ, 9 ಅಡಿ ಉದ್ದದಲ್ಲಿ ಬರುತ್ತವೆ. 5 ಅಡಿಯದು ಕಿಟಕಿಗೆ, 7 ಮತ್ತು 9 ಅಡಿಯವು ಬಾಗಿಲಿಗೆ. ನಮಗೆ ಕಂಬಿಯಿಂದ ಕಿಟಕಿಯ ಕೆಳಗಿನವರೆಗೆ ಬೇಕಿದ್ದದ್ದು 62 ಇಂಚು. ಐದಡಿಯದು ಎರಡು ಇಂಚು ಗಿಡ್ಡ, ಏಳಡಿಯದನ್ನು ಕತ್ತರಿಸಿದರೆ ಕೊಟ್ಟ ಹಣದಲ್ಲಿ ಕಾಲು ಭಾಗ ಚಿಂದಿಯ ಪಾಲು. ಅಳತೆ ಕೊಟ್ಟು ಹೊಲಿಸುವ ಅಂಗಡಿಯೊಂದರಲ್ಲಿ ಎರಡು ಕಿಟಕಿಗೆ ಕಂಬಿಯೂ ಸೇರಿ ಹನ್ನೊಂದು ಸಾವಿರ ಹೇಳಿದರು. ನಮ್ಮ ಬೀದಿಯ ದರ್ಜಿ ನಮ್ಮ ಮನೆಯವರಿಗೆಲ್ಲ ಬೇಕಾದವರು. ಅವರು, 'ದಸರಾ ಮುಗಿಯಲಿ ಅಮ್ಮಾ, ಕುಪ್ಪಸಗಳೇ ಗುಡ್ಡೆ ಬಿದ್ದಿವೆ' ಎಂದರು. ದೀಪಾವಳಿ ಮುಗಿಯುವವರೆಗೆ ಅವರ ಕೈ ಬಿಡುವಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅತ್ತೆಯ ಮದುವೆಯ ಕಾಲದ ಉಷಾ ಕಾಲು ಯಂತ್ರ ಮನೆಯಲ್ಲೇ ಇತ್ತು. ನಾವೇ ಹೊಲಿಯೋಣ ಎಂದು ನಿರ್ಧರಿಸಿದೆವು.

ಆಗ ಅತ್ತೆ ಒಂದು ಗಡುವು ಹಾಕಿದರು. 'ಪಿತೃಪಕ್ಷದಲ್ಲಿ ಹೊಸ ಬಟ್ಟೆ ಕೊಳ್ಳುವುದು ಬೇಡ ಕಣಮ್ಮಾ. ಹುಣ್ಣಿಮೆಯೊಳಗೆ ತಂದುಬಿಡು. ತಂದದ್ದನ್ನು ಹೊಲಿಯುವುದಕ್ಕೆ ಅಡ್ಡಿಯಿಲ್ಲ.' ಭಾದ್ರಪದದ ಹುಣ್ಣಿಮೆ ದೂರವಿರಲಿಲ್ಲ. ಈ ಪದ್ಧತಿ ಪಾಲಿಸುವ ಮನೆಯವರು ದಸರೆಗೆ ಏನೇ ಹೊಲಿಸುವುದಿದ್ದರೂ ಗಣೇಶನ ಹಬ್ಬ ಮುಗಿದ ಕೂಡಲೇ ಹೊರಡಬೇಕು.

ಬಾಡಿಗೆ ಮನೆಯವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕರಾರು ಪತ್ರ. ಹನ್ನೊಂದು ತಿಂಗಳ ನಮ್ಮ ಕರಾರಿನಲ್ಲಿ, ಮಾಲೀಕರ ಒಪ್ಪಿಗೆಯಿಲ್ಲದೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ರಂಧ್ರ ಕೊರೆಯುವಂತಿಲ್ಲ ಎಂಬ ಷರತ್ತು ಇದೆ. ಹಳೆಯ ಕಂಬಿ ಚೌಕಟ್ಟಿನ ಒಳಗೇ, ಮರಕ್ಕೇ ಬಡಿದದ್ದು. ನಮಗೆ ಬೇಕಾದದ್ದು ಗೋಡೆಯ ಮೇಲೆ. ನಮ್ಮ ಮಾಲೀಕರು ಸಜ್ಜನರು, ಆದರೆ ಊರಿನಲ್ಲಿರಲಿಲ್ಲ. ಫೋನಿನಲ್ಲಿ 'ಬಂದು ನೋಡಿ ಹೇಳುತ್ತೇನೆ' ಎಂದರು. ಕಾದೆವು. ಬಂದು ನೋಡಿ ಒಪ್ಪಿದ ಮೇಲೂ ನಾನು ಅವರ ಬಾಯಿಮಾತಿಗೆ ಬಿಡಲಿಲ್ಲ. ಯಾವ ಕಿಟಕಿಗೆ ಎಷ್ಟು ಬ್ರಾಕೆಟ್, ಎಲ್ಲೆಲ್ಲಿ ರಂಧ್ರ, ಮನೆ ಬಿಡುವಾಗ ಯಾರು ಮುಚ್ಚಿಸಬೇಕು ಎಂದು ಬರೆದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಅವರಿಂದ 'ಒಪ್ಪಿಗೆ' ಎಂದು ಉತ್ತರ ಪಡೆದುಕೊಂಡೆ. ಮುಂದೆ ಮುಂಗಡದ ಹಣ ವಾಪಸ್ ಪಡೆಯುವಾಗ ಈ ಒಂದು ಸಾಲು ನಮ್ಮಿಬ್ಬರ ನಡುವೆ ಮನಸ್ತಾಪ ಬರದಂತೆ ಕಾಯುತ್ತದೆ.

ಗೋಡೆಯ ಮೇಲೆಯೇ ಏಕೆ ಎಂಬುದನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಹಜಾರ ಬೆಳಗಿದ ಗುಟ್ಟು ಅಲ್ಲೇ ಇದೆ. ಕಂಬಿ ಕಿಟಕಿಯಷ್ಟೇ ಅಗಲವಿದ್ದರೆ, ಪರದೆಯನ್ನು ಎಷ್ಟೇ ಸರಿಸಿದರೂ ಅದರ ಮುದ್ದೆ ಎರಡೂ ಬದಿಯ ಗಾಜನ್ನು ಮುಚ್ಚಿಕೊಂಡೇ ಇರುತ್ತದೆ. ಚೌಕಟ್ಟಿನ ಎರಡೂ ಕಡೆ ಎಂಟೆಂಟು ಇಂಚು ಆಚೆಗೆ ಕಂಬಿ ಚಾಚಿದರೆ ಆ ಮುದ್ದೆ ಗೋಡೆಯ ಮೇಲೆ ಹೋಗಿ ನಿಲ್ಲುತ್ತದೆ, ಗಾಜು ಪೂರ್ತಿ ತೆರೆದುಕೊಳ್ಳುತ್ತದೆ. ನಮ್ಮ ದೊಡ್ಡ ಕಿಟಕಿ 60 ಇಂಚು ಅಗಲ, ಕಂಬಿ 76 ಇಂಚು. ಚಿಕ್ಕದು 36 ಇಂಚು, ಕಂಬಿ 52. ಎತ್ತರ ಎರಡಕ್ಕೂ 48. ಚೌಕಟ್ಟಿನಿಂದ ಆರು ಇಂಚು ಮೇಲೆ ಕಂಬಿ, ಕೆಳಗೆ ಎಂಟು ಇಂಚು ಇಳಿಬಿಡುವುದು ಎಂದು ಲೆಕ್ಕ ಹಾಕಿದೆವು. ಅಳೆಯುವಾಗ ದರ್ಜಿಯ ಬಟ್ಟೆ ಟೇಪು ಬೇಡ, ಅದು ಬಳಸಿ ಬಳಸಿ ಹಿಗ್ಗಿರುತ್ತದೆ. ಸ್ಟೀಲ್ ಟೇಪು ಹಿಡಿಯಿರಿ. ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ನಮ್ಮ ದೊಡ್ಡ ಕಿಟಕಿ ಮೇಲಕ್ಕಿಂತ ಕೆಳಗೆ ಅರ್ಧ ಇಂಚು ಅಗಲವಿದೆ.

ಇನ್ನು ಬಟ್ಟೆ. ಅತ್ತೆಯ ತವರು ನಂಜನಗೂಡಿನ ಕಡೆ. ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದ ಸಂಗತಿಯನ್ನು ಅವರು ಹೆಮ್ಮೆಯಿಂದ ಹೇಳುತ್ತಾರೆ. ಆದ್ದರಿಂದ ಮೊದಲು ಖಾದಿಯನ್ನೇ ನೋಡಿದೆವು. ಬಟ್ಟೆ ಚೆನ್ನಾಗಿತ್ತು, ಆದರೆ ನಾವು ನೋಡಿದ ಥಾನುಗಳೆಲ್ಲ, ಅಂದರೆ ಬಟ್ಟೆಯ ಸುರುಳಿಗಳೆಲ್ಲ, 36 ಇಂಚು ಪನ್ನದವು (ಪನ್ನವೆಂದರೆ ಬಟ್ಟೆಯ ಪೂರ್ತಿ ಅಗಲ). ಅಷ್ಟು ಕಿರಿದಾದರೆ ದೊಡ್ಡ ಕಿಟಕಿಗೆ ಜೋಡಣೆಯ ಹೊಲಿಗೆಗಳು ಹೆಚ್ಚುತ್ತವೆ, ಬೆಳಕಿಗೆ ಎದುರಾಗಿ ತೂಗುವ ಬಟ್ಟೆಯಲ್ಲಿ ಒಂದೊಂದು ಜೋಡಣೆಯೂ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಅಲ್ಲದೆ ಖಾದಿಯ ರಿಯಾಯಿತಿ ಗಾಂಧಿ ಜಯಂತಿಯ ಹೊತ್ತಿಗೆ. ಅಲ್ಲಿಯವರೆಗೆ ಕಾಯುವ ಹಾಗಿರಲಿಲ್ಲ. ಚಿಕ್ಕ ಕಿಟಕಿ ಇರುವವರು ಖಾದಿಯನ್ನು ಖಂಡಿತ ನೋಡಬೇಕು.

ಕೊನೆಗೆ ದೇವರಾಜ ಮಾರುಕಟ್ಟೆಯ ಹತ್ತಿರದ ಓಣಿಯ ಒಂದು ಅಂಗಡಿಯಲ್ಲಿ, ಬ್ಲೀಚ್ ಮಾಡದ, ಕೆನೆ ಬಣ್ಣದ, ಸಡಿಲ ನೇಯ್ಗೆಯ ಹತ್ತಿ ಬಟ್ಟೆ ಸಿಕ್ಕಿತು. 48 ಇಂಚು ಪನ್ನ, ಮೀಟರಿಗೆ 210 ರೂಪಾಯಿ. ಅಂಗಡಿಯ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿದೆ. ಆಚೆಯ ಬೀದಿ ಮಸುಕಾಗಿ ಕಂಡಿತು, ಕಣ್ಣಿಗೆ ಏನೂ ಚುಚ್ಚಲಿಲ್ಲ. ಪರದೆಯ ಬಟ್ಟೆಯನ್ನು ಅಂಗಡಿಯ ದೀಪದ ಕೆಳಗೆ ಮೇಜಿನ ಮೇಲೆ ಹರಡಿ ಆರಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ನಾವು ಅದನ್ನು ನೋಡುವುದು ಹಿಂದಿನಿಂದ ಬೆಳಕು ಬಿದ್ದಾಗ.

ಅಂದು ಅರ್ಧ ಮೀಟರ್ ಮಾತ್ರ ಕೊಂಡೆ. ಮನೆಗೆ ತಂದು ಅದರ ಮೇಲೆ 40 ಸೆಂಟಿಮೀಟರಿನ ಚೌಕ ಬರೆದು, ರಾತ್ರಿ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆದೆ. ಹಾಸಿನ ಕಡೆ, ಅಂದರೆ ಉದ್ದಕ್ಕೆ, 37 ಆಗಿತ್ತು. ಹೊಕ್ಕಿನ ಕಡೆ, ಅಂದರೆ ಅಗಲಕ್ಕೆ, 39. ಉದ್ದದಲ್ಲಿ ನೂರಕ್ಕೆ ಏಳೂವರೆ ಭಾಗ ಕುಗ್ಗುವ ಬಟ್ಟೆ ಅದು. ಒಗೆಯದೆ ಹೊಲಿದಿದ್ದರೆ 62 ಇಂಚಿನ ಪರದೆ ಮೊದಲ ಒಗೆತಕ್ಕೇ ನಾಲ್ಕೂವರೆ ಇಂಚು ಮೇಲೇರುತ್ತಿತ್ತು. ನೇಯ್ಗೆ ಸಡಿಲವಿದ್ದಷ್ಟೂ ಕುಗ್ಗುವುದು ಹೆಚ್ಚು. ಆ ಅರ್ಧ ಮೀಟರಿನ ನೂರೈದು ರೂಪಾಯಿ ಈ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು.

ಲೆಕ್ಕ ಹೀಗೆ. ಸಿದ್ಧ ಉದ್ದ 62 ಇಂಚು. ಕೆಳಗೆ ನಾಲ್ಕು ಇಂಚಿನ ಮಡಿಕೆಯನ್ನು ಎರಡು ಸಲ ಮಡಚಲು 8 ಇಂಚು, ಮೇಲೆ ಬಕ್ರಂ ಪಟ್ಟಿಯ (ಒಳಗಿಡುವ ಗಡಸು ಬಟ್ಟೆಯ) ಮಡಿಕೆಗೆ 5. ಒಟ್ಟು 75. ಕುಗ್ಗುವುದನ್ನು ಸೇರಿಸಿದರೆ 81. ಅಗಲದಲ್ಲಿ ದೊಡ್ಡ ಕಿಟಕಿಗೆ ಮೂರು ಪನ್ನ, ಅಂದರೆ ಒಂದೊಂದು ಬದಿಗೆ ಒಂದೂವರೆ, ಚಿಕ್ಕದಕ್ಕೆ ಎರಡು. ಹೀಗೆ ಮಾಡಿದಾಗ ಪರದೆಯ ಅಗಲ ಕಂಬಿಯ ಉದ್ದದ ಸುಮಾರು ಒಂದೂ ಮುಕ್ಕಾಲು ಪಟ್ಟು ಬರುತ್ತದೆ. ಎರಡು ಪಟ್ಟು ಇಟ್ಟರೆ ನೆರಿಗೆ ಇನ್ನೂ ತುಂಬಿಕೊಳ್ಳುತ್ತದೆ, ಆದರೆ ಬೆಳಕಿಗಾಗಿಯೇ ಹೊಲಿಯುವಾಗ ಅಷ್ಟು ಬೇಡ ಎನಿಸಿತು. ಒಟ್ಟು 405 ಇಂಚು, ಹತ್ತು ಮೀಟರಿಗೆ ಸ್ವಲ್ಪ ಮೇಲೆ. ಹತ್ತೂವರೆ ಕೇಳಿದೆ.

ಅಲ್ಲೊಂದು ತೊಡಕು ಕಾದಿತ್ತು. ನಾನು ಮಾದರಿ ತಂದಿದ್ದ ಥಾನಿನಲ್ಲಿ ಅಷ್ಟು ಬಟ್ಟೆ ಉಳಿದಿರಲಿಲ್ಲ. ಇನ್ನೊಂದು ಥಾನು ತೆಗೆದರು, 'ಅದೇ ಬಟ್ಟೆ ಮೇಡಂ' ಎಂದರು. ಬಟ್ಟೆ ಅದೇ, ಬಣ್ಣ ಒಂದು ಎಳೆ ಹೆಚ್ಚು ಹಳದಿ. ಬ್ಲೀಚ್ ಮಾಡದ ಹತ್ತಿಯಲ್ಲಿ ಇದು ಸಹಜ, ಅಂಗಡಿಯವರ ತಪ್ಪಲ್ಲ. ಹುಣ್ಣಿಮೆ ಎದುರಿಗಿತ್ತು, ಬೇರೆ ಕಡೆ ಹುಡುಕುವ ಸಮಯವಿಲ್ಲ. ಮೊದಲ ಥಾನಿನಿಂದ ದೊಡ್ಡ ಕಿಟಕಿಗೆ 6.3 ಮೀಟರ್, ಎರಡನೆಯದರಿಂದ ಚಿಕ್ಕದಕ್ಕೆ 4.2 ಮೀಟರ್ ಬೇರೆ ಬೇರೆಯಾಗಿ ಕತ್ತರಿಸಿಕೊಂಡೆ. ಎರಡು ಕಿಟಕಿಗಳು ಬೇರೆ ಬೇರೆ ಗೋಡೆಯಲ್ಲಿವೆ, ಈಗ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಕಿಟಕಿಯಲ್ಲಿ ಎರಡು ಥಾನು ಬೆರೆಸಿದರೆ ಮಾತ್ರ ದಿನವೂ ಕಾಣುತ್ತದೆ. ಬಿಲ್ಲಿನ ಮೇಲೆ ಎರಡು ತುಂಡಿನ ಅಳತೆಯನ್ನೂ ಬೇರೆಯಾಗಿ ಬರೆಸಿಕೊಳ್ಳಿ; ಕತ್ತರಿಸಿದ ಬಟ್ಟೆಯನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ನೇಯ್ಗೆಯಲ್ಲಿ ತೂತೋ ಕಲೆಯೋ ಇದ್ದರೆ ಕೇಳಲು ಆಧಾರ ಬೇಕು.

ಡ್ರಿಲ್ ಯಂತ್ರದವರು ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಪಿತೃಪಕ್ಷ ಶುರುವಾಯಿತು. ಬಂದ ದಿನ ದೊಡ್ಡ ಕಿಟಕಿಯ ಮೇಲೆ ಮೊದಲ ರಂಧ್ರಕ್ಕೇ ಯಂತ್ರ ಕಿರುಚಿ ನಿಂತಿತು. ಕಿಟಕಿಯ ಮೇಲೆ ಅಡ್ಡಲಾಗಿ ಕಾಂಕ್ರೀಟಿನ ಲಿಂಟಲ್ ಇರುತ್ತದೆ, ಒಳಗೆ ಕಬ್ಬಿಣದ ಸರಳು. ಡ್ರಿಲ್ಲಿನ ಮೊನೆ ಸರಳಿಗೇ ತಗುಲಿತ್ತು. ಒಂದು ಇಂಚು ಮೇಲಕ್ಕೆ ಸರಿಸಿ ಕೊರೆದ ಮೇಲೆ ಸುಸೂತ್ರವಾಯಿತು. ಎರಡು ಕಿಟಕಿಗಳು ಒಂದೇ ಎತ್ತರದಲ್ಲಿ ಕಾಣಲಿ ಎಂದು ಚಿಕ್ಕದನ್ನೂ ಅಷ್ಟೇ ಏರಿಸಿದೆವು. ಬಟ್ಟೆಯಲ್ಲಿ ತುಸು ಹೆಚ್ಚಿಗೆ ಇಟ್ಟಿದ್ದರಿಂದ ಉದ್ದಕ್ಕೆ ತೊಂದರೆಯಾಗಲಿಲ್ಲ. ಕಂಬಿ ಕೂರಿಸುವವರೆಗೆ ಬಟ್ಟೆಗೆ ಕತ್ತರಿ ಹಾಕಬೇಡಿ ಎನ್ನುವುದು ಇದಕ್ಕೇ. ಹಳೆಯ ಗಾರೆ ಗೋಡೆಯವರು ತಿರುಪು ನಿಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಪ್ಲಾಸ್ಟಿಕ್ ಪ್ಲಗ್ ಹಿಡಿಯದ ಕಡೆ ಮರದ ಬೆಣೆ ಬಡಿಯಬೇಕಾಗುತ್ತದೆ. ಆರಡಿಗಿಂತ ಉದ್ದದ ಕಂಬಿಗೆ ನಡುವೆ ಇನ್ನೊಂದು ಬ್ರಾಕೆಟ್ ಬೇಕೇ ಬೇಕು.

ನಂತರ ಬಟ್ಟೆ ನೆನೆಸಿದೆವು, ಮಳೆ ಹಿಡಿಯಿತು. ತಾರಸಿಯ ಹಗ್ಗಕ್ಕೆ ಹಾಕುವುದು, ಹನಿ ಬಿತ್ತೆಂದು ಓಡಿ ತರುವುದು. ಒಂದು ಹಂತದಲ್ಲಿ ಹಸಿವಾಸನೆ ಬರತೊಡಗಿ ನನಗೆ ಅಳುವೇ ಬಂದಿತ್ತು. ಮತ್ತೆ ಜಾಲಿಸಿ, ಹಜಾರದಲ್ಲೇ ಹಗ್ಗ ಕಟ್ಟಿ ಫ್ಯಾನಿನ ಕೆಳಗೆ ಒಣಗಿಸಿದೆವು. ಹಿಂಡಬೇಡಿ, ನೀರು ತಾನಾಗಿ ಇಳಿಯಲಿ. ಹಿಂಡಿದರೆ ಇಷ್ಟು ಉದ್ದದ ಬಟ್ಟೆಯ ಸುಕ್ಕು ಬಿಡಿಸುವುದು ಪ್ರಯಾಸ. ಸ್ವಲ್ಪ ತೇವವಿರುವಾಗಲೇ ಇಸ್ತ್ರಿ ಮಾಡಿದರೆ ಬೇಗ ಆಗುತ್ತದೆ.

ಕತ್ತರಿಸುವುದನ್ನು ಅತ್ತೆ ಹೇಳಿಕೊಟ್ಟರು. ಸಡಿಲ ನೇಯ್ಗೆಯ ಮೇಲೆ ಸೀಮೆಸುಣ್ಣದಿಂದ ಎಳೆದ ಗೆರೆ ಸೊಟ್ಟಗಾಗುತ್ತದೆ. ಅಂಚಿನಲ್ಲಿ ಒಂದು ಸಣ್ಣ ಕಚ್ಚು ಮಾಡಿ, ಒಂದು ಹೊಕ್ಕು ನೂಲನ್ನು ಹಿಡಿದು ಮೆಲ್ಲಗೆ ಎಳೆಯುತ್ತಾ ಹೋದರೆ ಬಟ್ಟೆಯ ಅಗಲಕ್ಕೂ ನೇರ ಗೆರೆ ಮೂಡುತ್ತದೆ. 'ಬಟ್ಟೆಯಲ್ಲೇ ಗೆರೆ ಇದೆ, ಹುಡುಕು' ಎಂದರು. ಆ ಗೆರೆಯ ಮೇಲೆ ಕತ್ತರಿ ಓಡಿಸಿದರೆ ಸಾಕು. ಒಂದೂವರೆ ಪನ್ನದ ಜೋಡಣೆಯಲ್ಲಿ ಅರ್ಧ ಪನ್ನವನ್ನು ಗೋಡೆಯ ಬದಿಗೆ ಇಡಿ, ಜೋಡಣೆಯ ಗೆರೆ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ನೂಲು ಬಿಚ್ಚದಿರಲು ಆ ಜೋಡಣೆಯನ್ನು ಮೊದಲು ಬಟ್ಟೆಯ ಮೇಲ್ಮೈ ಕಡೆಯಿಂದ, ನಂತರ ತಿರುವಿ ಒಳಗಿನಿಂದ, ಹೀಗೆ ಎರಡು ಸಲ ಹೊಲಿಯಬೇಕು. ಕತ್ತರಿಸಿದ ಅಂಚು ಒಳಗೇ ಸೇರಿಕೊಳ್ಳುತ್ತದೆ.

ಯಂತ್ರದ ಚರ್ಮದ ಪಟ್ಟಿ ತುಳಿದ ಕೂಡಲೇ ತುಂಡಾಯಿತು. ರಿಪೇರಿಯವರಿಗೂ ದಸರೆಯ ಒತ್ತಡ, ಅವರಿಗಾಗಿ ಇನ್ನಷ್ಟು ದಿನ. ಬಂದವರು ಪಟ್ಟಿ ಬದಲಿಸಿ, ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲಿನ ಕೆಳಗೆ ಹತ್ತಾರು ವರ್ಷಗಳಿಂದ ಗಟ್ಟಿಯಾಗಿದ್ದ ನೂಲಿನ ಧೂಳು ತೆಗೆದು, ಎಣ್ಣೆ ಬಿಟ್ಟರು. ಯಂತ್ರ ಸದ್ದಿಲ್ಲದೆ ಓಡಿತು. ಪರದೆ ಹೊಲಿಯುವ ಯೋಚನೆ ಬಂದ ದಿನವೇ ಯಂತ್ರವನ್ನು ಒಮ್ಮೆ ತುಳಿದು ನೋಡಿ.

ಸೂಜಿ ಬಟ್ಟೆಗೆ 14ನೆಯ ನಂಬರು, ಬಕ್ರಂ ಇರುವ ಮೇಲಿನ ಪಟ್ಟಿಗೆ 16. ಹೊಲಿಗೆ ಸ್ವಲ್ಪ ಉದ್ದವಾಗಿ, ಇಂಚಿಗೆ ಎಂಟರಿಂದ ಹತ್ತು ಬೀಳುವಂತೆ ಇಟ್ಟುಕೊಳ್ಳಿ, ಮೇಲಿನ ದಾರದ ಬಿಗಿಯನ್ನು ಸಡಿಲಿಸಿ, ಇಲ್ಲವಾದರೆ ಅಂಚು ಸುಕ್ಕುಗಟ್ಟುತ್ತದೆ. ಒಗೆದ ಮಾದರಿ ತುಂಡು ಇದನ್ನು ಪರೀಕ್ಷಿಸಲೂ ಒದಗಿತು. ಬಟ್ಟೆಯ ಭಾರ ನೆಲಕ್ಕೆ ಜಗ್ಗದಂತೆ ಎಡಗಡೆ ಒಂದು ಕುರ್ಚಿಯ ಮೇಲೆ ಅದನ್ನು ಹೊರಿಸಿ. ಬದಿಗಳಿಗೆ ಒಂದೂವರೆ ಇಂಚು, ನಂತರ ಮೇಲಿನ ಬಕ್ರಂ. ಕೆಳಗಿನ ಮಡಿಕೆಯನ್ನು ಮಾತ್ರ ಆಗ ಹೊಲಿಯಬಾರದು.

ಮೇಲಿನ ಪಟ್ಟಿಯಲ್ಲಿ ಕಂಬಿ ತೂರಿಸುವ ರಿಂಗು ಹೊಡೆಸಲು ಹೊರಗೆ ಕೊಡಬೇಕಾಯಿತು. ಒಂದು ಪರದೆಯಲ್ಲಿ ರಿಂಗುಗಳ ಸಂಖ್ಯೆ ಸಮವಾಗಿರಬೇಕು. ಆಗಲೇ ಎರಡೂ ತುದಿಗಳು ಗೋಡೆಯ ಕಡೆ ತಿರುಗಿ ನಿಲ್ಲುತ್ತವೆ. ದೊಡ್ಡ ಕಿಟಕಿಯ ಒಂದೊಂದು ಪರದೆಗೆ 12, ಚಿಕ್ಕದಕ್ಕೆ 8, ಆರು ಇಂಚಿಗೆ ತುಸು ಕಡಿಮೆ ಅಂತರ. ಗುರುತುಗಳನ್ನು ಮನೆಯಲ್ಲೇ ಹಾಕಿಕೊಂಡು ಹೋದೆ. ಒಂದು ಇಂಚಿನ ಕಂಬಿಗೆ ಒಳಗೆ ಒಂದೂವರೆ ಇಂಚು ಇರುವ ರಿಂಗು ಸರಾಗವಾಗಿ ಸರಿಯುತ್ತದೆ.

ತೂಗುಹಾಕಿದ ಮೇಲೆ ಕೆಳಗಿನ ಅಂಚಿಗೆ ಗುಂಡುಪಿನ್ನು ಚುಚ್ಚಿ ಹಾಗೇ ಬಿಟ್ಟೆವು. ಸಡಿಲ ನೇಯ್ಗೆ ತನ್ನ ಭಾರಕ್ಕೇ ಇಳಿಯುತ್ತದೆ. ಒಂದು ಪರದೆ ಕಾಲು ಇಂಚಿಗಿಂತ ಹೆಚ್ಚು ಇಳಿದಿತ್ತು. ನೆಲದಿಂದ ಅಳೆದು ಹೊಸದಾಗಿ ಗುರುತು ಹಾಕಿದೆವು. ಆ ಕೊನೆಯ ಮಡಿಕೆಯನ್ನು ಅತ್ತೆ ಯಂತ್ರಕ್ಕೆ ಬಿಡಲಿಲ್ಲ. ಓದುವ ಕನ್ನಡಕ ಹಾಕಿಕೊಂಡು, ದಿವಾನದ ಮೇಲೆ ಕುಳಿತು, ಕೈಯಲ್ಲೇ ಹೊಲಿದರು. ಕಿಟಕಿಗೆ ಬೆನ್ನು ಹಾಕಿರಲಿಲ್ಲ. ನಾನು ಅಷ್ಟು ದಿನ ಪಟ್ಟ ಪಾಡು ಆಗಲೇ ತೀರಿಹೋಯಿತು.

ಖರ್ಚು: ಮಾದರಿಯೂ ಸೇರಿ ಬಟ್ಟೆಗೆ 2,310 ರೂಪಾಯಿ, ಕಂಬಿ, ಬ್ರಾಕೆಟ್ ಮತ್ತು ತುದಿಯ ಗುಂಡುಗಳಿಗೆ 1,210, ರಿಂಗು ಹೊಡೆಸಲು 400, ಕೊರೆಯುವ ಕೂಲಿ 500, ಯಂತ್ರದ ರಿಪೇರಿ 350, ಬಕ್ರಂ 120, ದಾರ, ಸೂಜಿ, ಸೀಮೆಸುಣ್ಣಕ್ಕೆ 140. ಐದು ಸಾವಿರದ ಮೂವತ್ತು. ಸ್ವಂತ ಮನೆಯವರಿಗೆ ಕಂಬಿ ಮೊದಲೇ ಇದ್ದರೆ ಇದು ಮೂರು ಸಾವಿರದ ಸುಮಾರಿಗೆ ಇಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಬಟ್ಟೆ ಕೊಳ್ಳುವ ಮೊದಲೇ ಯೋಚಿಸಿ. ಹಗಲು ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ, ರಾತ್ರಿ ಒಳಗೆ ದೀಪ ಹಾಕಿದರೆ ನೆರಳುಗಳು ಬೀದಿಗೆ ಕಾಣುತ್ತವೆ. ನಮ್ಮದು ಮೊದಲ ಮಹಡಿ, ಹಜಾರ, ಆದ್ದರಿಂದ ಚಿಂತೆಯಿಲ್ಲ. ನೆಲಮಹಡಿಯವರು ಮತ್ತು ಮಲಗುವ ಕೋಣೆಗೆ ಹೊಲಿಯುವವರು ಎರಡು ಸಾಲಿನ ಬ್ರಾಕೆಟ್ ತೆಗೆದುಕೊಂಡು ಹಿಂದೆ ಈ ತೆಳು ಬಟ್ಟೆ, ಮುಂದೆ ದಪ್ಪನೆಯದೊಂದು ಹಾಕಿಕೊಳ್ಳುವುದು ಒಳ್ಳೆಯದು. ಮಾಲೀಕರಿಂದ ಒಪ್ಪಿಗೆ ಕೇಳುವಾಗಲೇ ಅದಕ್ಕೂ ಸೇರಿಸಿ ಕೇಳಿ.